ಗುರುತಿನ ದಿನ

ನಮ್ಮ ಹಾಸ್ಟೆಲಿನಲ್ಲಿ ಬೆಳಿಗ್ಗೆ ಎದ್ದವರು ಹಲ್ಲುಜ್ಜುವ ಮೊದಲು ತಮ್ಮ ಹೆಸರು ಹೇಳಬೇಕಿತ್ತು. ಎದುರಿಗೆ ಯಾರು ಸಿಕ್ಕರೂ ಸರಿ, "ನಾನು ನೀಲಾಂಬಿಕೆ" ಎಂದು ಹೇಳಿಯೇ ಮುಂದೆ ಹೋಗಬೇಕು. ಊರಿನಲ್ಲಿಯೂ ಅದೇ ಪದ್ಧತಿ. ಅಂಗಡಿಗೆ ಹೋದವರು ಸಾಮಾನು ಕೇಳುವ ಮೊದಲು ಹೆಸರು ಹೇಳುತ್ತಿದ್ದರು. ಕೆಲಸ ಮುಗಿಸಿ ಬಂದ ಗಂಡ ಹೊಸ್ತಿಲಾಚೆ ನಿಂತು "ನಾನು ಕಣೇ, ರಾಚಪ್ಪ" ಎನ್ನುತ್ತಿದ್ದ. ಒಳಗಿನಿಂದ ಹೆಂಡತಿ "ದನಿ ಕೇಳಿದ್ರೆ ಗೊತ್ತಾಗಲ್ವಾ, ಬನ್ನಿ ಒಳಗೆ" ಎಂದು ಗದರುತ್ತಿದ್ದಳು. ಆ ಊರಿನಲ್ಲಿ ಮನುಷ್ಯ ಏನಾದರೂ ಕಲಿತರೆ ಅವನ ಮುಖ ಬದಲಾಗುತ್ತಿತ್ತು. ದನಿ ಮಾತ್ರ ಹಾಗೇ ಉಳಿಯುತ್ತಿತ್ತು. ಅಲ್ಲಿ ಫೋಟೋ ಸ್ಟುಡಿಯೋ ಒಂದೂ ಇರಲಿಲ್ಲ. ಕ್ಷೌರದಂಗಡಿಯ ಕನ್ನಡಿಗೆ ಟವೆಲ್ ಹೊದಿಸಿರುತ್ತಿದ್ದರು. ನೋಡಲೇಬೇಕು ಎನ್ನುವವರು ಕೇಳಿ ತೆಗೆಸಿಕೊಳ್ಳಬೇಕಿತ್ತು.

ಊರಿನವರು ಇದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. ವಾರಕ್ಕೊಮ್ಮೆ ಉಪ್ಪಿನ ಲಾರಿ ತರುವ ಹೊರಊರಿನ ಡ್ರೈವರ್ ಒಂದು ಸಲ ಊರ ಗಡಿ ದಾಟುತ್ತಲೇ ಹೊಸ ಮೂಗಿನೊಂದಿಗೆ ಇಳಿದ. ಮಗಳಿಗೆ ಜಡೆ ಹೆಣೆಯುವುದನ್ನು ಕಲಿತಿದ್ದನಂತೆ. ಮೂಟೆ ಇಳಿಸುವವರು "ಜಡೆಗೆ ಇಷ್ಟು ಮೂಗಾದ್ರೆ ರಂಗೋಲಿಗೆ ಎಷ್ಟಾಗಬಹುದು ಗುರುವೇ" ಎಂದು ಅವನ ಕಾಲೆಳೆದರು. ಅವನೂ ನಕ್ಕು ಮೂಗು ಸವರಿಕೊಂಡ. ಅಷ್ಟಕ್ಕೇ ಮುಗಿಯಿತು. ನಕ್ಕು ಸುಮ್ಮನಾಗುವುದು ಅವರಿಗೆ ಸಾಧ್ಯವಿತ್ತು. ಕಾಲೇಜಿಗೆ ಹೊಸದಾಗಿ ಸೇರಿದ ನಮಗೆ ಸಾಧ್ಯವಿರಲಿಲ್ಲ, ಏಕೆಂದರೆ ನಮಗೆ ಮೊದಲ ಸೆಮಿಸ್ಟರಿನ ಕೊನೆಯಲ್ಲಿ ಗುರುತಿನ ದಿನವಿತ್ತು.

ಅದರ ಕ್ರಮವನ್ನು ಸೇರಿದ ದಿನವೇ ನಮಗೆ ಹೇಳಿದ್ದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕಾಲೇಜಿನ ದೊಡ್ಡ ಹಾಲಿನಲ್ಲಿ ನಮ್ಮನ್ನು ಸಾಲಾಗಿ ಕೂರಿಸುತ್ತಾರೆ. ಕುತ್ತಿಗೆಯಿಂದ ಪಾದದವರೆಗೆ ಎಲ್ಲರಿಗೂ ಒಂದೇ ಥರದ ಕರಿ ಕಂಬಳಿ. ಪ್ರತಿಯೊಬ್ಬರ ಮುಂದೆ ಒಂದು ಮಣೆ. ಮನೆಯಿಂದ ಬಂದವರೂ ಕಂಬಳಿ ಹೊದ್ದು ಒಳಗೆ ಬರುತ್ತಾರೆ. ಯಾರೂ ತುಟಿ ಬಿಚ್ಚುವಂತಿಲ್ಲ, ಕೈ ಹೊರಗೆ ಹಾಕುವಂತಿಲ್ಲ. ಇದೇ ನಮ್ಮ ಮಗು ಅನ್ನಿಸಿದವರ ಮುಂದಿನ ಮಣೆಯ ಮೇಲೆ ಅವರು ಕೂರಬೇಕು. ಕೂರಲು ಒಂದೇ ಅವಕಾಶ. ಹೌದು ಅನ್ನಿಸಿದರೆ ನಾವು ಎದ್ದು ನಿಲ್ಲಬೇಕು. ನಿಂತರೆ ಇಬ್ಬರೂ ಒಟ್ಟಿಗೆ ಮನೆಗೆ ಹೋಗಬಹುದು, ರಜೆ ಮುಗಿಸಿ ಓದು ಮುಂದುವರಿಸಬಹುದು. ಯಾರೂ ಬಂದು ಕೂರದಿದ್ದರೆ, ಅಥವಾ ಕೂತವರಿಗೆ ನಾವು ಏಳದಿದ್ದರೆ, ನಾವು ಆ ಊರಿಗೇ ಉಳಿದೆವು ಎಂದು ಲೆಕ್ಕ. ತಪ್ಪಿ ಬೇರೆಯವರಿಗೆ ಎದ್ದು ನಿಂತರೆ ಅವರ ಮನೆಯೇ ನಮ್ಮ ಮನೆ. ಅಂಥದ್ದೂ ಆಗಿದೆಯೆಂದು ಸೀನಿಯರುಗಳು ಹೇಳುತ್ತಿದ್ದರು.

ನನ್ನ ಹೆದರಿಕೆ ಆ ದಿನವೇ ಶುರುವಾಯಿತು. ನನಗೆ ಇದ್ದವಳು ಅಮ್ಮ ಒಬ್ಬಳೇ. ಅಪ್ಪ ನಾನು ನಡೆಯಲು ಕಲಿಯುವ ಮುಂಚೆಯೇ ತೀರಿಕೊಂಡಿದ್ದರು. ಅಮ್ಮ ನಮ್ಮೂರ ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದಳು. ಅವಳು ಕೂರುತ್ತಿದ್ದ ಗೂಡಿಗೆ ಒಂದು ಸಣ್ಣ ಕಿಂಡಿ. ಅದರೊಳಗೆ ತೂರಿ ಬರುವ ಕೈಗಳನ್ನು ಬಿಟ್ಟರೆ ಅವಳಿಗೆ ಬೇರೇನೂ ಕಾಣುತ್ತಿರಲಿಲ್ಲ. ಹಾಗಾಗಿ ಮುಖದ ವಿಷಯದಲ್ಲಿ ಅವಳು ಬಹಳ ದಡ್ಡಿ. ದಾರಿಯಲ್ಲಿ ಸಿಕ್ಕ ಪಕ್ಕದ ಮನೆಯವರನ್ನೇ ಯಾರೋ ಎಂದುಕೊಂಡು ದಾಟಿ ಹೋಗುವವಳು. ಕೈ ತೋರಿಸಿದ್ದರೆ ನನ್ನನ್ನು ಸಾವಿರ ಜನದಲ್ಲಿ ಆರಿಸಿಬಿಡುತ್ತಿದ್ದಳು. ಆ ಕೈಯನ್ನೇ ಕಂಬಳಿಯೊಳಗೆ ಮುಚ್ಚಿಡಬೇಕಿತ್ತು.

ಅದಕ್ಕೇ ನಾನೊಂದು ಉಪಾಯ ಮಾಡಿದೆ. ಏನನ್ನೂ ಕಲಿಯಬಾರದು. ಮುಖ ಇದ್ದಂತೆಯೇ ಇರಬೇಕು, ಅಮ್ಮ ಬಂದವಳು ನೋಡಿದ ತಕ್ಷಣ ಮಣೆಯ ಮೇಲೆ ಕೂರಬೇಕು. ಈ ಉಪಾಯ ಹೊಳೆದದ್ದು ನನಗೊಬ್ಬಳಿಗೇ ಅಲ್ಲ. ನಮ್ಮ ತರಗತಿಯ ಮಲ್ಲಿಕಾರ್ಜುನ ಕಿವಿಗೆ ಹತ್ತಿ ತುರುಕಿಕೊಂಡು ಬರುತ್ತಿದ್ದ. ನಾನು ಕೊನೆಯ ಬೆಂಚಿನಲ್ಲಿ ಕೂತು, ಪಾಠ ಶುರುವಾದ ಕೂಡಲೇ ತುಟಿಯಲ್ಲೇ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಮೊದಲೇ ಬರುತ್ತಿದ್ದುದನ್ನು ಹೇಳಿಕೊಂಡರೆ ಅಪಾಯವಿಲ್ಲ ಎಂಬುದು ನನ್ನ ಲೆಕ್ಕಾಚಾರ. ಪರೀಕ್ಷೆಗೆ ಬೇಕಾದಷ್ಟನ್ನು ಉರು ಹೊಡೆಯುತ್ತಿದ್ದೆ. ಉರು ಹೊಡೆದದ್ದು ಮುಖಕ್ಕೆ ಏರುವುದಿಲ್ಲವೆಂದು ಬೇಗನೆ ಗೊತ್ತಾಯಿತು; ಪರೀಕ್ಷೆ ಬರೆದು ಹೊರಗೆ ಬರುವಷ್ಟರಲ್ಲಿ ಅದು ಬಂದ ದಾರಿಯಲ್ಲೇ ಹೋಗಿರುತ್ತಿತ್ತು.

ನನ್ನ ಕೋಣೆಯಲ್ಲಿದ್ದ ಭಾಗೀರಥಿ ಇದಕ್ಕೆ ತದ್ವಿರುದ್ಧ. ಅವಳು ಸಿಕ್ಕಿದ್ದನ್ನೆಲ್ಲ ಕಲಿಯುವವಳು. ನಕ್ಷತ್ರದ ಹೆಸರು, ಹಾರ್ಮೋನಿಯಂ, ಅಡುಗೆಮನೆಯ ಒಲೆಯ ಊದುಗೊಳವೆ, ಯಾವುದನ್ನೂ ಬಿಟ್ಟವಳಲ್ಲ. ದಸರಾ ಕಳೆಯುವಷ್ಟರಲ್ಲಿ ಅವಳ ಹಳೆಯ ಮುಖದಲ್ಲಿ ಉಳಿದದ್ದು ಹಣೆ ಮಾತ್ರ. ಬೆಳಿಗ್ಗೆ ಪಕ್ಕದ ಮಂಚದಲ್ಲಿ ಕಣ್ಣುಬಿಟ್ಟು "ನಾನು ಭಾಗೀರಥಿ, ಕಿರುಚಬೇಡ" ಎಂದೇ ಅವಳು ದಿನ ಶುರುಮಾಡುತ್ತಿದ್ದಳು.

"ನಿಮ್ಮ ಅಕ್ಕ ಬಂದು ನಿನ್ನ ದಾಟಿಕೊಂಡು ಹೋದ್ರೆ ಏನೇ ಮಾಡ್ತೀಯ?" ಎಂದು ನಾನು ಕೇಳುತ್ತಿದ್ದೆ. ಅವಳನ್ನು ಸಾಕಿದವಳು ಅಕ್ಕ.

"ಹೋದ್ರೆ ಹೋಗ್ಲಿ ಬಿಡು. ಆಮೇಲೆ ಅಳ್ತೀನಿ. ಈಗ್ಲೇ ಯಾಕೆ ಅಳಲಿ?"

ಹೇಳುವುದು ಸುಲಭ. ಅವಳು ಹಾಗಂದ ಮೇಲೆ ಹಾರ್ಮೋನಿಯಂ ಹಿಡಿದು ಕೂರುತ್ತಿದ್ದಳು, ನಾನು ಕೆನ್ನೆ ಮುಟ್ಟಿಕೊಂಡು ಎಲ್ಲ ಹಾಗೇ ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ವಾರಕ್ಕೊಮ್ಮೆ ಕ್ಷೌರದಂಗಡಿಗೆ ಹೋಗಿ ಟವೆಲ್ ತೆಗೆಸಿ ಕನ್ನಡಿ ನೋಡಿ ಬರುವುದು ನನಗೆ ಚಟವಾಯಿತು. ಅಂಗಡಿಯವನು "ಈ ಊರಲ್ಲಿ ದುಡ್ಡಿಲ್ಲದೆ ಇಷ್ಟು ಸಲ ಕನ್ನಡಿ ನೋಡಿದವಳು ನೀನೊಬ್ಬಳೇ ತಾಯಿ" ಎಂದು ಗೊಣಗುತ್ತಿದ್ದ.

ಮೊದಲು ಬದಲಾದದ್ದು ಹುಬ್ಬು. ಕನ್ನಡಿಯಲ್ಲಿ ಅದು ಒಂಚೂರು ಮೇಲಕ್ಕೆ ಹೋಗಿತ್ತು. ಯಾವ ಪಾಠ ನನಗೆ ತಿಳಿಯದಂತೆ ಒಳಗೆ ನುಗ್ಗಿತೆಂದು ರೂಮಿಗೆ ಬಂದು ಯೋಚಿಸಿದೆ. ಪಾಠವೇನೂ ಅಲ್ಲ. ಹಿಂದಿನ ದಿನ ಮೆಸ್ಸಿನಲ್ಲಿ ನಾನು ಮೊದಲ ಬಾರಿಗೆ ಒಬ್ಬಳೇ ಒಂದು ಮೇಜಿನಲ್ಲಿ ಕೂತು ಊಟ ಮಾಡಿದ್ದೆ. ಅಲ್ಲಿಯವರೆಗೆ ಯಾರಾದರೂ ಜೊತೆಗೆ ಸಿಗುವ ತನಕ ತಟ್ಟೆ ಹಿಡಿದು ಬಾಗಿಲ ಬಳಿ ಸುಳಿದಾಡುತ್ತಿದ್ದೆ, ಸಿಗದಿದ್ದರೆ ಹೊಟ್ಟೆನೋವೆಂದು ಉಪವಾಸ ಮಲಗುತ್ತಿದ್ದೆ. ಆ ದಿನ ಹಸಿವು ಜೋರಾಗಿತ್ತು, ಹೋಗಿ ಕೂತೆ, ಉಂಡೆ, ಎದ್ದೆ. ಅಷ್ಟಕ್ಕೇ ಒಂದು ಹುಬ್ಬು ಹೋಯಿತು.

ಆಮೇಲೆ ತಡೆಯಲು ಏನು ಮಾಡಿದರೂ ಆಗಲಿಲ್ಲ. ಭಾಗೀರಥಿಗೆ ವಿಷಮಶೀತ ಜ್ವರ ಬಂದಾಗ ಗಂಜಿ ಕುಡಿಸಿ, ವಾಂತಿ ಬಳಿದೆ. ಗಲ್ಲ ಚೂಪಾಯಿತು. ನನ್ನ ಬಕೆಟ್ಟನ್ನು ದಿನವೂ ಎತ್ತಿಕೊಂಡು ಹೋಗುತ್ತಿದ್ದ ಸೀನಿಯರ್ ಹುಡುಗಿಗೆ "ಇವತ್ತು ಕೊಡಲ್ಲ, ನನಗೆ ಬೇಕು" ಎಂದುಬಿಟ್ಟೆ. ಬಾಯಿಯ ಆಕಾರವೇ ಬೇರೆಯಾಯಿತು. ತರಗತಿಯ ಬಾಗಿಲನ್ನು ಮಾತ್ರ ಭದ್ರ ಮಾಡಿಕೊಂಡು ಕೂತಿದ್ದೆ. ಇವೆಲ್ಲ ಹಿತ್ತಲ ಕಡೆಯಿಂದ ಬಂದವು. ಇವು ಕಲಿಕೆಯೆಂದು ಯಾರೂ ನನಗೆ ಹೇಳಿರಲಿಲ್ಲ.

ಕಡೆಗೆ ತರಗತಿಯ ಬಾಗಿಲೂ ಉಳಿಯಲಿಲ್ಲ. ನಮಗೆ ಕಲ್ಲು ಮಣ್ಣಿನ ಪಾಠ ಮಾಡುತ್ತಿದ್ದವರು ದಾಸಪ್ಪ ಮೇಷ್ಟ್ರು. ಒಂದು ದಿನ ಅವರು ಹಾಸುಗಲ್ಲಿನ ತುಂಡೊಂದನ್ನು ಕೊನೆಯ ಬೆಂಚಿಗೆ ತಂದು ನನ್ನ ಮುಂದಿಟ್ಟು, "ನಿನ್ನ ಮಗ್ಗಿ ಎಲ್ಲಿಗೆ ಬಂತಮ್ಮ? ಸ್ವಲ್ಪ ನಿಲ್ಲಿಸಿ ಇದನ್ನ ಒಡೆದುಕೊಡು" ಎಂದರು. ಸುತ್ತಿಗೆಯಿಂದ ಒಂದೇಟು ಹಾಕಿದೆ. ಕಲ್ಲು ಎರಡು ಹಾಳೆಯಾಗಿ ಬಿಚ್ಚಿಕೊಂಡಿತು. ಒಳಗೆ ಒಂದು ಎಲೆಯ ಅಚ್ಚಿತ್ತು, ನರ ನರವೂ ಕಾಣುವಂತೆ. "ಮನುಷ್ಯ ಹುಟ್ಟೋಕೆ ಮುಂಚೆ ಉದುರಿದ ಎಲೆ ಅದು. ನೋಡ್ತಿರೋ ಮೊದಲ ಕಣ್ಣು ನಿಂದು" ಎಂದು ಮೇಷ್ಟ್ರು ಹೇಳಿದರು. ನನಗೆ ಮಗ್ಗಿ ಮರೆತೇಹೋಯಿತು. ಅಂದಿನಿಂದ ಅವರ ಪಾಠಕ್ಕೆ ಮುಂದಿನ ಬೆಂಚಿನಲ್ಲಿ ಕೂತೆ. ಬೇಡ ಬೇಡವೆಂದುಕೊಂಡೇ ಕೂತೆ. ಅಲ್ಲಿ ಕೂತಿದ್ದಾಗ ಆಗುತ್ತಿದ್ದ ಸಂತೋಷವೇ ಹೊರಗೆ ಬಂದ ಮೇಲೆ ಹೆದರಿಕೆಯಾಗುತ್ತಿತ್ತು. ಕ್ಷೌರದಂಗಡಿಯವನು ಒಂದು ಸಂಜೆ ನನ್ನನ್ನು ಮೇಲಿಂದ ಕೆಳಗೆ ನೋಡಿ "ಯಾರಮ್ಮ?" ಎಂದು ಕೇಳಿದ. ನನ್ನ ಹೆಸರು ಹೇಳಿದೆ. ಟವೆಲ್ ತೆಗೆಯಲು ಹೋದವನನ್ನು ತಡೆದು, ಕನ್ನಡಿ ನೋಡದೆಯೇ ವಾಪಸು ಬಂದೆ.

ಅಮ್ಮನಿಗೆ ಫೋನ್ ಮಾಡುವಾಗ ಇದನ್ನೆಲ್ಲ ಹೇಳುವ ಧೈರ್ಯವಾಗಲಿಲ್ಲ. "ಹೇಗಿದೀಯೆ?" ಎಂದರೆ "ಹಾಗೇ ಇದೀನಿ" ಎನ್ನುತ್ತಿದ್ದೆ. "ನೀನು?" ಎಂದರೆ ಅವಳೂ "ನನಗೇನಾಗುತ್ತೆ, ಹಾಗೇ ಇದೀನಿ" ಎನ್ನುತ್ತಿದ್ದಳು. ನಾನು ಅದನ್ನು ಪೂರ್ತಿ ನಂಬಿದ್ದೆ. ಅಮ್ಮ ಎಂದರೆ ನಾನು ಬಸ್ಸು ಹತ್ತಿದಾಗ ಕಂಡ ಅಮ್ಮ: ದುಂಡು ಮುಖ, ಒಂದು ಕಡೆ ನಿಲ್ಲದ ಕಣ್ಣು, ಸಣ್ಣ ಸದ್ದಿಗೂ ಬೆಚ್ಚುವ ಕತ್ತು. ಬದಲಾಗುವ ಅಪಾಯದಲ್ಲಿ ಇದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಗುರುತಿನ ದಿನದ ಬೆಳಿಗ್ಗೆ ಮೆಸ್ಸಿನಲ್ಲಿ ಯಾರೂ ಉಪ್ಪಿಟ್ಟು ಮುಟ್ಟಲಿಲ್ಲ. ನಮಗೆ ಕಂಬಳಿ ಹೊದಿಸುತ್ತಿದ್ದವರು ಅಡುಗೆಯ ತುಂಗಕ್ಕ. ಅವರೂ ಒಂದು ಕಾಲಕ್ಕೆ ನಮ್ಮಂತೆ ಓದಲು ಬಂದವರು, ಊರಿಗೆ ಉಳಿದವರು. ಕೂದಲು ಬೆಳ್ಳಗಾಗಿದ್ದರೂ ಪ್ರತಿ ಸಲವೂ ತಾವೂ ಒಂದು ಕಂಬಳಿ ಹೊದ್ದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಕೂರಬೇಡಿ ಎಂದು ಯಾರೂ ಹೇಳುತ್ತಿರಲಿಲ್ಲ.

"ನಿಮ್ಮನೆಯವರು ಆವತ್ತು ಬರಲಿಲ್ವಾ ಅಕ್ಕ?" ಎಂದು ಕೇಳಿದೆ. ಕೇಳಬಾರದಿತ್ತೇನೋ, ಆದರೆ ಹೆದರಿಕೆಗೆ ಬಾಯಿಯ ಮೇಲೆ ಹಿಡಿತವಿರುವುದಿಲ್ಲ.

ಅವರು ಕಂಬಳಿಯ ಅಂಚನ್ನು ನನ್ನ ಕುತ್ತಿಗೆಯ ಸುತ್ತ ಸಿಕ್ಕಿಸುತ್ತ ಹೇಳಿದರು: "ನಮ್ಮಪ್ಪ ಬರಲೇ ಇಲ್ಲ ಕಣಮ್ಮ. ಯಾರೋ ಬೇರೆಯವರು ಬಂದು ನನ್ನ ಮಣೆ ಮೇಲೆ ಕೂತ್ರು. ತುಂಬ ಸಮಾಧಾನದ ಮುಖ. ನಮ್ಮಪ್ಪ ಮಹಾ ಸಿಡುಕ. ನನ್ನ ಜಾಗದಲ್ಲಿ ಬೇರೆ ಯಾರಾದ್ರೂ ಆಗಿದ್ರೆ ಆಸೆಗೆ ಬಿದ್ದು ಎದ್ದುಬಿಡ್ತಿದ್ರೋ ಏನೋ, ನಾನು ಏಳಲಿಲ್ಲ. ಪಾಪ, ಬಹಳ ಹೊತ್ತು ಕೂತಿದ್ರು. ಆಮೇಲೆ ಎದ್ದು ಹೋದ್ರು."

ಹಾಲಿನಲ್ಲಿ ನನ್ನ ಜಾಗ ಕಿಟಕಿಯ ಪಕ್ಕ ಬಂತು. ನಮ್ಮೆಲ್ಲರ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಎದುರಿನ ಬಾಗಿಲು ತೆರೆದರು, ಮನೆಯವರೆಲ್ಲ ಒಳಗೆ ಬಂದು ಸಾಲಿನುದ್ದಕ್ಕೂ ನಿಧಾನವಾಗಿ ನಡೆಯತೊಡಗಿದರು. ಮಲ್ಲಿಕಾರ್ಜುನನ ಅಪ್ಪ ಅವನನ್ನು ದೂರದಿಂದಲೇ ಗುರುತು ಹಿಡಿದರು. ಹತ್ತಿ ಕೆಲಸ ಮಾಡಿತ್ತು. ಆದರೆ ಅವರು ತಕ್ಷಣ ಕೂರಲಿಲ್ಲ. ಇವನಲ್ಲದೆ ಇನ್ಯಾರಾದರೂ ಆಗಿರಬಾರದೇ ಎಂಬಂತೆ ಸಾಲಿನ ಉಳಿದ ಮುಖಗಳನ್ನೊಮ್ಮೆ ನೋಡಿ, ಆಮೇಲೆ ಕೂತರು. ಭಾಗೀರಥಿಯ ಅಕ್ಕ ಮಾತ್ರ ಎರಡು ಸಲ ಅವಳನ್ನು ದಾಟಿ ಹೋದಳು. ಮೂರನೆಯ ಸಲ ಬಂದವಳು ತಂಗಿಯ ಮುಂದೆ ನಿಂತು, ಸದ್ದಿಲ್ಲದೆ ನಗುತ್ತ, ದೊಪ್ಪೆಂದು ಮಣೆಯ ಮೇಲೆ ಕೂತಳು. ಭಾಗೀರಥಿ ಎದ್ದ ರಭಸಕ್ಕೆ ಕಂಬಳಿ ಜಾರಿ ಬಿತ್ತು.

ನಾನು ಅಮ್ಮನಿಗಾಗಿ ಹುಡುಕುತ್ತಿದ್ದೆ. ಬಂದ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದೆ, ಮತ್ತೊಮ್ಮೆ ನೋಡಿದೆ. ಅಮ್ಮ ಇರಲಿಲ್ಲ. ಅವಳಿಗೆ ನನ್ನ ಗುರುತು ಸಿಗದೆ ಹೋದರೆ ಎಂದು ಆರು ತಿಂಗಳು ಹೆದರಿದವಳಿಗೆ ಅವಳು ಬಾರದೆಯೇ ಇರಬಹುದೆಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಬಸ್ಸು ತಪ್ಪಿರಬೇಕು. ಜ್ವರ ಬಂದಿರಬೇಕು. ಅದಕ್ಕಿಂತ ಕೆಟ್ಟದ್ದೇನಾದರೂ ಆಗಿರಬೇಕು. ಕಂಬಳಿಯೊಳಗೆ ಬೆವರು ಹರಿಯುತ್ತಿತ್ತು, ಹಲ್ಲು ಮಾತ್ರ ಕಟಕಟ ಎನ್ನುತ್ತಿತ್ತು.

ಜೋಡಿಗಳು ಎದ್ದು ಹೋಗಿ ಹಾಲು ಖಾಲಿಯಾಗುತ್ತ ಬಂತು. ಆಗ ಒಬ್ಬ ಹೆಂಗಸು ನನ್ನೆದುರು ನಿಂತಳು. ಅವಳು ಆಗಲೇ ಒಂದು ಸಲ ನನ್ನನ್ನು ನೋಡಿ ಮುಂದೆ ಹೋಗಿದ್ದಳು, ಈಗ ತಿರುಗಿ ಬಂದಿದ್ದಳು. ನೀಳ ಮುಖ, ನೆಟ್ಟಗಿನ ಕತ್ತು. ನನ್ನ ಮೇಲಿಟ್ಟ ಕಣ್ಣನ್ನು ಕದಲಿಸಲಿಲ್ಲ. ಅವಳನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಬೇಡ, ಕೂರಬೇಡ, ಮುಂದೆ ಹೋಗು ಎಂದು ಒಳಗೊಳಗೇ ಬೇಡಿಕೊಂಡೆ. ಅವಳು ಕೂತಳು.

ನನಗೆ ಅಳು ಬಂತು. ಯಾರದೋ ತಾಯಿ ದಾರಿ ತಪ್ಪಿ ನನ್ನ ಮಣೆಯನ್ನು ಹಾಳುಮಾಡಿದ್ದಾಳೆ, ಎದ್ದರೆ ಯಾವುದೋ ಊರಿನ ಯಾವುದೋ ಮನೆ, ಏಳದಿದ್ದರೆ ಜೀವನವಿಡೀ ಇಲ್ಲಿನ ಅಡುಗೆಮನೆ. ಅವಳ ಮುಖದಲ್ಲಿ ನನ್ನ ಅಮ್ಮನದೆನ್ನುವಂಥ ಒಂದು ಗೆರೆಯನ್ನಾದರೂ ಹುಡುಕಿದೆ. ಒಂದೂ ಸಿಗಲಿಲ್ಲ. ಬೆಚ್ಚುವ ಕತ್ತಿಲ್ಲ, ಹಾರಾಡುವ ಕಣ್ಣಿಲ್ಲ. ಇಷ್ಟು ಗಟ್ಟಿ ಹೆಂಗಸು ನಮ್ಮಮ್ಮ ಆಗಲು ಸಾಧ್ಯವೇ ಇಲ್ಲ ಎಂದುಕೊಂಡು, ಏಳಬಾರದೆಂದು ತೀರ್ಮಾನಿಸಿ ಕಣ್ಣು ಬೇರೆಡೆಗೆ ತಿರುಗಿಸಿದೆ.

ತಿರುಗಿಸಿದ ಕಣ್ಣಿಗೆ ಹಿಂದಿನ ಸಾಲಿನ ತುಂಗಕ್ಕ ಕಂಡರು. ಬೆಳ್ಳಗಿನ ತಲೆ, ಬಾಗಿಲ ಕಡೆಗೇ ನೋಟ. ಅವರು ಈಗಲೂ ಸಿಡುಕಿನ ಮುಖವೊಂದನ್ನು ಕಾಯುತ್ತಿದ್ದರು. ಸಮಾಧಾನದ ಮುಖದ ಆ ಮನುಷ್ಯ ಅವರಪ್ಪನೇ ಆಗಿದ್ದರೆ? ಮಗಳನ್ನು ಕಳಿಸಿದ ಮೇಲೆ ಮನೆಯಲ್ಲಿ ಕೂತು, ಸಿಡುಕದೆ ಇರುವುದನ್ನು ಅವರು ಕಲಿತಿದ್ದರೆ? ಉಪ್ಪಿನ ಲಾರಿಯವನೇ ಹೊರಗೆ ಕಲಿತದ್ದನ್ನು ಮುಖದಲ್ಲಿ ಹೊತ್ತು ಬರುತ್ತಿದ್ದಾಗ ತಾಯಿ ತಂದೆ ಬರುವುದಿಲ್ಲವೇ? ನಾನಿಲ್ಲದ ಆರು ತಿಂಗಳಲ್ಲಿ ಅಮ್ಮನಿಗೂ ಆರು ತಿಂಗಳಾಗಿತ್ತು. ಅಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ.

ಆ ಹೆಂಗಸಿನ ಕಡೆ ಮತ್ತೆ ನೋಡಿದೆ. ಅವಳ ತುಟಿ ಅದುರುತ್ತಿತ್ತು. ಅವಳಿಗೂ ನಾನು ಯಾರೆಂದು ಖಾತ್ರಿಯಿರಲಿಲ್ಲ. ನಾನು ಧೈರ್ಯದಿಂದ ಎದ್ದೆನೆಂದು ಹೇಳಿದರೆ ಸುಳ್ಳಾದೀತು. ಕೂತಿರುವ ಹೆದರಿಕೆ ಏಳುವ ಹೆದರಿಕೆಗಿಂತ ಒಂದು ಗುಲಗಂಜಿ ಹೆಚ್ಚಾಯಿತು, ಅದಕ್ಕೆ ಎದ್ದೆ.

ಹಾಲಿನಿಂದ ಹೊರಬಾಗಿಲಿನವರೆಗೆ ಉದ್ದನೆಯ ಪಡಸಾಲೆ, ಅಲ್ಲಿಯೂ ಮಾತಾಡುವಂತಿಲ್ಲ. ಅವಳು ಮುಂದೆ, ನಾನು ಹಿಂದೆ. ನಡಿಗೆ ಅಮ್ಮನದಲ್ಲ. ಅಮ್ಮ ಗೋಡೆಗೆ ಒತ್ತಿಕೊಂಡು ನಡೆಯುವವಳು, ಇವಳು ಪಡಸಾಲೆಯ ನಡುವೆ ನಡೆಯುತ್ತಿದ್ದಳು. ತಪ್ಪು ಮಾಡಿದೆ, ಕೆಟ್ಟೆ, ಈಗಲೇ ಕೂಗಿಬಿಡಲೇ ಎಂದು ಹೆಜ್ಜೆ ಹೆಜ್ಜೆಗೂ ಅನ್ನಿಸಿತು. ಬಾಗಿಲಲ್ಲಿದ್ದವನು ನಮ್ಮ ಕಂಬಳಿಗಳನ್ನು ಇಸಿದುಕೊಂಡ. ಒಳಗಿದ್ದ ಸೀರೆಯೂ ನನಗೆ ಗುರುತಿಲ್ಲದ ಹೊಸ ಸೀರೆ. ಹೊರಗೆ ಬಿಸಿಲಿಗೆ ಬಂದೆವು, ಹಿಂದೆ ಬಾಗಿಲು ಮುಚ್ಚಿತು. ಇಬ್ಬರಿಗೂ ಮೊದಲು ಬಾಯಿ ತೆರೆಯಲು ಭಯ. ದನಿ ಬೇರೆಯಾಗಿದ್ದರೆ ಅಲ್ಲಿಗೆ ಎಲ್ಲ ಮುಗಿದಂತೆ.

ಕಡೆಗೆ ಅವಳೇ ಮಾತಾಡಿದಳು. "ಏನೇ ನೀಲಾ, ಏಳೋಕೆ ಅಷ್ಟು ಹೊತ್ತಾ? ನನ್ನ ಜೀವ ಬಾಯಿಗೆ ಬಂದಿತ್ತು."

ಕಿಂಡಿಯ ಹಿಂದಿನಿಂದ "ಬಾಲ್ಕನಿ ಫುಲ್ಲು, ಮುಂದಿನ ಷೋಗೆ ಬನ್ನಿ" ಎನ್ನುತ್ತಿದ್ದ ಅದೇ ದನಿ. ನಾನು ನಡುರಸ್ತೆಯಲ್ಲಿ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ. ಅವಳು ನನ್ನ ಕೈಯೆರಡನ್ನೂ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, ಹೌದು ಇದೇ ಎಂದು ತನಗೆ ತಾನೇ ತಲೆಯಾಡಿಸಿಕೊಂಡಳು.

"ನಿನಗೆ ಹೇಗಮ್ಮ ಗೊತ್ತಾಯ್ತು? ಮುಖ ಒಂಚೂರೂ ಉಳಿದಿಲ್ಲ ನಂದು."

"ಎಲ್ಲಾ ಮಕ್ಕಳೂ ಹೆದರಿದ್ವು. ಆದ್ರೆ ಅಷ್ಟೊಂದು ಹೆದರಿಕೊಂಡು ಕೂತಿದ್ದೋಳು ನೀನೊಬ್ಬಳೇ. ನನ್ನ ಮಗಳಲ್ಲದೆ ಇನ್ಯಾರು ಹಾಗೆ ಹೆದರ್ತಾರೆ ಅಂದ್ಕೊಂಡೆ."

ನಗು ಬಂತು, ಅಳು ಇನ್ನೂ ನಿಂತಿರಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ನಡೆದೆವು. ಅಮ್ಮ ಎನ್ನುವ ಆ ಅಪರಿಚಿತ ಮುಖವನ್ನು ಕದ್ದು ಕದ್ದು ನೋಡುತ್ತಿದ್ದೆ. ಕಿವಿ ಒಪ್ಪಿಕೊಂಡರೂ ಕಣ್ಣಿಗೆ ಇನ್ನೂ ಒಪ್ಪಿಗೆಯಾಗಿರಲಿಲ್ಲ. ಇಷ್ಟು ದೊಡ್ಡ ಬದಲಾವಣೆಗೆ ಅವಳು ಏನು ಕಲಿತಿರಬಹುದೆಂದು ಊಹಿಸಲು ನೋಡಿದೆ. ಹೊಲಿಗೆ ಇರಬಹುದು, ಸೈಕಲ್ ಇರಬಹುದು, ಇಂಗ್ಲಿಷ್ ಇರಬಹುದು.

"ನೀನು ಏನು ಕಲಿತೆ ಅಮ್ಮ?"

"ನಾನೇನು ಕಲೀತೀನಿ ಹೋಗೆ. ಅದೇ ಟಾಕೀಸು, ಅದೇ ಮನೆ." ಆಮೇಲೆ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ನಾಚಿಕೊಂಡು ಹೇಳಿದಳು: "ಒಬ್ಬಳೇ ಮಲಗೋದು ಕಲಿತೆ ಕಣೆ. ಈಗೀಗ ದೀಪಾನೂ ಆರಿಸ್ತೀನಿ."